ಅಂಟು ಹಿಡಿಯುವ ತನಕ

ಕಟ್ಟೆಯ ಮೇಲೆ ಮಲಗಿಸಿದ್ದ ಕಾರಿನ ಬಾಗಿಲಿನ ಸಂದಿಗೆ ಹುಮೇರಾ ಚಪ್ಪಟೆ ಉಳಿ ತೂರಿಸಿ ಮೆಲ್ಲಗೆ ಎತ್ತಿದ್ದೇ ತಡ, ಬಾಗಿಲು ಎರಡು ಹೋಳಾಗಿ ಬಂತು. ಬಣ್ಣ ಬಳಿದ ಹೊರಗಿನ ಪದರ ಒಂದು ಕಡೆ, ಗಾಜು ಇಳಿಯುವ ಒಳಗಿನ ಚಿಪ್ಪು ಇನ್ನೊಂದು ಕಡೆ. ಎದುರಿಗೆ ನಿಂತಿದ್ದ ತಿಪ್ಪೇರುದ್ರಪ್ಪನ ಮುಖ ಸಪ್ಪಗಾಯಿತು.

"ಮುರೀತೇನು ತಂಗಿ?"

"ಮುರಿದಿಲ್ರಿ ಗೌಡ್ರ, ಬಿಚ್ಚೈತಿ. ಪೂರಾ ಬಿಚ್ಚಿದ್ರನ ಛಲೋ ಕೂಡಸಾಕ ಬರತೈತಿ."

ಕುರುಗೋಡಿನ ತಿಪ್ಪೇರುದ್ರಪ್ಪ ಮೊನ್ನೆ ಮೊನ್ನೆಯವರೆಗೆ ಮೆಣಸಿನಕಾಯಿ ಬೆಳೆಯುತ್ತಿದ್ದವನು, ಈಗ ಅದಿರು ಲಾರಿಗಳ ಧಣಿ. ಕೆಂಪು ಮಣ್ಣು ಹಡಗು ಹತ್ತಿ ಚೀನಾಕ್ಕೆ ಹೊರಟ ಆ ವರ್ಷಗಳಲ್ಲಿ ಬಳ್ಳಾರಿ ಸೀಮೆಯಲ್ಲಿ ಯಾರಿಗೆ ಯಾವ ಹುಚ್ಚು ಹಿಡಿಯುತ್ತದೆಂದು ಹೇಳಲು ಬರುತ್ತಿರಲಿಲ್ಲ. ಇವನಿಗೆ ಹಿಡಿದದ್ದು ಮುಂಬೈಯಿಂದ ತಂದ, ಎರಡೇ ಸೀಟಿನ ಹಳೇ ರೇಸ್ ಕಾರಿನ ಹುಚ್ಚು. ಕುಳಿತರೆ ಹೊಟ್ಟೆ ಸ್ಟೇರಿಂಗಿಗೆ ತಾಗುತ್ತಿತ್ತು, ಆದರೂ ದಿನಾ ಕೂರುತ್ತಿದ್ದ. ಮೈಯೆಲ್ಲ ಫೈಬರಿನ ಆ ಕಾರು ನಮ್ಮ ರಸ್ತೆಗಳ ಕುಣಿತಕ್ಕೆ ಬಾಗಿಲಿನ ಪದರ ಬಿಟ್ಟುಕೊಂಡಿತು. ಬಳ್ಳಾರಿಯಲ್ಲಿ ಲಾರಿ ಬಾಡಿ ಕಟ್ಟುವವನೊಬ್ಬ ಅಂಟಿಸಿ ಕೊಟ್ಟಿದ್ದು ವಾರ ನಿಲ್ಲಲಿಲ್ಲ. ಎರಡನೆಯ ಸಲ ಅವನು ರಿವೆಟ್ ಹೊಡೆಯುತ್ತೇನೆಂದಾಗ ತಿಪ್ಪೇರುದ್ರಪ್ಪನಿಗೆ ತನ್ನ ಮೈಗೇ ಮೊಳೆ ಹೊಡೆದಂತಾಯಿತು. ಸಿರುಗುಪ್ಪದ ಅಕ್ಕಿ ಗಿರಣಿಗಳಿಗೆ ಫೈಬರ್ ತೊಟ್ಟಿ ಮಾಡಿಕೊಡುವ ಹೆಂಗಸೊಬ್ಬಳಿದ್ದಾಳೆಂದು ಕೇಳಿ, ಕಾಲುವೆ ದಂಡೆಯ ಈ ಶೆಡ್ಡಿಗೆ ಬಂದಿದ್ದ.

ಶೆಡ್ಡಿನ ಮೇಲೆ ಇನ್ನೊಬ್ಬರ ಕಣ್ಣೂ ಇತ್ತು. ಹುಮೇರಾಳ ಗಂಡ ಅಜರುದ್ದೀನ್ ಹೊಸದಾಗಿ ಲಾರಿ ಕೊಂಡು ಅದಿರು ಹೊಡೆಯುತ್ತಿದ್ದ. ಲಾರಿ ನಿಲ್ಲಿಸಲು ಅವನಿಗೆ ಆ ಜಾಗ ಬೇಕಿತ್ತು. ಹುಮೇರಾಳಿಗೋ ಅದು ತನ್ನ ಅಪ್ಪ ಶಾಮೀದಸಾಬ ಕಲಿಸಿದ ಕೆಲಸ, ಅಪ್ಪ ಎಬ್ಬಿಸಿದ ಶೆಡ್ಡು. ತಿಂಗಳಿಂದ ನಡೆದ ಜಗಳಕ್ಕೆ ಬೇಸತ್ತು ಹುಮೇರಾ ಹಿಂದಿನ ದಿನ ಊಟಕ್ಕೆ ಬಡಿಸುತ್ತಾ ಹೇಳಿಬಿಟ್ಟಿದ್ದಳು: "ನಾಳಿ ಬರೂ ಕಾರಿನ ಬಾಗಲ ಕೂಡಿದ್ರ ಶೆಡ್ಡು ನಂದು. ಮತ್ತ ಬಿಟ್ಟಕೊಂಡ್ರ ನಾನ ಕಿತ್ತ ಹಾಕತೀನಿ, ಗಾಡಿ ನಿಲ್ಲಸ್ಕೊರ್ರಿ." ಅವನು ರೊಟ್ಟಿ ಮುರಿಯುತ್ತಾ ಹೂಂ ಎಂದಿದ್ದ.

ಈಗ ಅವಳು ಬಿಳಿ ಬಟ್ಟೆಯಿಂದ ಚಿಪ್ಪಿನ ಅಂಚನ್ನು ಒರೆಸಿ ತೋರಿಸಿದಳು. ಬಟ್ಟೆ ಕೆಂಪಾಗಿತ್ತು.

"ಅವ್ರು ಫೈಬರಿಗೆ ಅಂಟಿಸಿಲ್ರಿ ಗೌಡ್ರ, ಧೂಳಿಗೆ ಅಂಟಿಸ್ಯಾರ. ಅದಕ್ಕ ನಿಂತಿಲ್ಲ."

ತಿಪ್ಪೇರುದ್ರಪ್ಪ ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ತನ್ನ ಸರಕಿನ ಗುರುತು ಸಿಗದಷ್ಟು ಸಾವ್ಕಾರನಾಗಿರಲಿಲ್ಲ ಅವನಿನ್ನೂ. ನಾಳೆ ಬರುತ್ತೇನೆಂದು ಬಾಗಿಲನ್ನು ಅಲ್ಲೇ ಬಿಟ್ಟು ಹೋದ.

ಹುಮೇರಾ ಸಂಜೆಯವರೆಗೆ ಹಳೇ ಅಂಟು ಕೆರೆದಳು, ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಿದಳು, ತೊಳೆದು ಒಣಗಿಸಿದಳು. ಬಿಸಿಲೇರಿದರೆ ಅಂಟು ಡಬ್ಬಿಯಲ್ಲೇ ಕಲ್ಲಾಗುವ ಊರು ಇದು. ಹಾಗಾಗಿ ಮರುದಿನ ಬೆಳಗಿನ ತಂಪಿನಲ್ಲೇ ಕಲಸಿ ಚಿಪ್ಪಿನ ಸುತ್ತ ಹಚ್ಚಿದಳು. ಮೇಲಿನ ಪದರವನ್ನು ಇನ್ನೇನು ಎತ್ತಬೇಕು, ಆಗ ಕಾಲುವೆಯ ಕಚ್ಚಾ ರಸ್ತೆಯ ತಿರುವಿನಲ್ಲಿ ಅಜರುದ್ದೀನನ ಲಾರಿಯ ಸದ್ದು ಕೇಳಿಸಿತು. ಲಾರಿಗಿಂತ ಮೊದಲು ಧೂಳು ಕಾಣಿಸಿತು.

ಅವಳು ಅಂಟುಗೈಯಲ್ಲೇ ಓಡಿ ಹೋಗಿ ರಸ್ತೆಯ ನಡುವೆ ನಿಂತಳು. ಲಾರಿ ಬುಸುಗುಟ್ಟಿ ನಿಂತಿತು.

"ಮುಂದ ಬರಬ್ಯಾಡ್ರಿ. ಅಂಟು ಹಚ್ಚೀನಿ."

"ರಾತ್ರಿಯೆಲ್ಲಾ ಗಾಡಿ ಹೊಡ್ದೀನಿ, ಮಕ್ಕೊಬೇಕು. ಸರಿ ಆ ಕಡಿ."

"ಇಲ್ಲೇ ಮಕ್ಕೊರ್ರಿ. ಇಂಜಿನ್ ಬಂದ್ ಮಾಡ್ರಿ."

ಅಜರುದ್ದೀನನಿಗೆ ಸಿಟ್ಟು ನೆತ್ತಿಗೇರಿತು. ಶೆಡ್ಡಿನ ತೆರೆದ ಬಾಯಿ ಅವನಿಗೆ ಅಲ್ಲಿಂದಲೇ ಕಾಣುತ್ತಿತ್ತು. ಒಂದು ಸಲ ಜೋರಾಗಿ ಆಕ್ಸಿಲರೇಟರ್ ತುಳಿದು ಅವಳನ್ನು ಬಳಸಿ ಮುಂದೆ ಹೋಗಿದ್ದರೆ ಸಾಕಿತ್ತು, ಉಳಿದದ್ದನ್ನು ಧೂಳೇ ನೋಡಿಕೊಳ್ಳುತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಅವನು ಅವಳ ಮುಖ ನೋಡಿದ, ಅವಳು ಕದಲಲಿಲ್ಲ. ಕೊನೆಗೆ ಕೀಲಿ ತಿರುವಿ ಇಂಜಿನ್ ನಿಲ್ಲಿಸಿದ.

ಹುಮೇರಾ ತಿರುಗಿ ಓಡಿ ಪದರವನ್ನು ಕೂಡಿಸಿದಳು. ಗಿರಣಿಯಿಂದ ತಂದ ನುಚ್ಚಕ್ಕಿಯ ಅರೆ ಚೀಲಗಳನ್ನು ಒಂದೊಂದಾಗಿ ಅದರ ಮೇಲೆ ಹೇರಿದಳು. ಕಬ್ಬಿಣದ ಕ್ಲ್ಯಾಂಪ್ ಬಿಗಿದರೆ ಒಂದೇ ಕಡೆ ಒತ್ತುತ್ತದೆ, ನುಚ್ಚಿನ ಚೀಲ ಬಾಗಿಲಿನ ಡೊಂಕಿಗೆ ತಾನೇ ಒಗ್ಗಿ ಕೂರುತ್ತದೆ.

ಅಂಗಳದಾಚೆಯಿಂದ ಗಂಡನ ದನಿ ಬಂತು: "ಮೈಯೆಲ್ಲಾ ಧೂಳೈತಿ. ಒಳಗ ಬರಲೇನು?"

"ಬರಬ್ಯಾಡ್ರಿ."

ಅವನು ಕಾಲುವೆ ದಂಡೆಯಲ್ಲಿ ಕುಳಿತ, ಕುಳಿತಲ್ಲೇ ನಿದ್ದೆ ಹೋದ.

ಮಧ್ಯಾಹ್ನ ತಿಪ್ಪೇರುದ್ರಪ್ಪ ಬಂದು, ಬಾಗಿಲು ಸಿಕ್ಕಿಸಿಕೊಂಡು, ಕುರುಗೋಡಿನವರೆಗೆ ಗುಂಡಿ ಬಿದ್ದ ರಸ್ತೆಯಲ್ಲೇ ಹೋಗಿ ತಿರುಗಿ ಬಂದ. ಹುಮೇರಾ ಅಂಚಿನುದ್ದಕ್ಕೂ ಬೆರಳಿನಿಂದ ತಟ್ಟಿದಳು. ಎಲ್ಲ ಕಡೆ ಒಂದೇ ಗಟ್ಟಿ ಸದ್ದು. ಬೀಗುವಷ್ಟು ಖುಷಿಯಾಯಿತು ಅವಳಿಗೆ, ಬೀಗಿದಳೂ.

"ಎಡಗಡಿದೂ ಬಿಡಾಕತ್ತೈತಿ ತಂಗಿ. ಅದನ್ನೂ ನೀನ ಮಾಡು."

ಈ ಮಾತು ಗಂಡನ ಕಿವಿಗೆ ಬೀಳಲೆಂದು ಅವಳು ಸುತ್ತ ನೋಡಿದಳು. ಅಜರುದ್ದೀನ್ ದಂಡೆಯಲ್ಲಿರಲಿಲ್ಲ. ಕಾರು ಹೋದ ಮೇಲೆ ಡಬ್ಬಿ ತೊಳೆಯಲು ಕಾಲುವೆಗಿಳಿದಾಗ ಕಂಡ. ಮೊಣಕಾಲುದ್ದ ನೀರಿನಲ್ಲಿ ನಿಂತು, ಲಾರಿಗೆ ಹೊದಿಸುವ ತಾಡಪತ್ರಿಯನ್ನು ತುಳಿದು ತುಳಿದು ತೊಳೆಯುತ್ತಿದ್ದ. ಸುತ್ತಲಿನ ನೀರು ಕೆಂಪಗೆ ಹರಿಯುತ್ತಿತ್ತು.

"ಧೂಳ ಬರದಂಗ ಶೆಡ್ಡಿನ ಬಾಯಿಗೆ ಕಟ್ಟತೀನಿ," ಎಂದ, ತಲೆಯೆತ್ತದೆ. "ಎತ್ತರ ಎಷ್ಟ ಬೇಕು?"

ಹುಮೇರಾ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು, ಸೆರಗು ಸಿಕ್ಕಿಸಿ, ನೀರಿಗಿಳಿದು ಇನ್ನೊಂದು ತುದಿ ಹಿಡಿದಳು.