ಹಿಂದಿನ ಕೋಣೆಯ ಪೈಪು ತುಂಡುಗಳು

ನನಗೆ ಅನುಮಾನದ ರೋಗ ಎಂದು ನನ್ನ ಗಂಡ ಆಡಿಕೊಳ್ಳುತ್ತಾರೆ. ಹೋಟೆಲಿನ ಲಾಂಡ್ರಿಯಲ್ಲಿ ಹತ್ತು ವರ್ಷ ಕಂಡವರ ಬಟ್ಟೆಯ ಕಲೆ ಹುಡುಕಿದವಳಿಗೆ ಇನ್ನೇನು ಬರಬೇಕು?

ತಾನು ದುಡಿಯುತ್ತಿದ್ದ ಪೈಪು ಕಾರ್ಖಾನೆ ಮುಚ್ಚಿದ ಮೇಲೆ ನನ್ನ ತಮ್ಮ ಕೆಲಸಕ್ಕಾಗಿ ತಟ್ಟದ ಬಾಗಿಲಿಲ್ಲ. ವಿಳಾಸ ಓದಿದ ಕೂಡಲೇ ಅರ್ಜಿ ಪಕ್ಕಕ್ಕಿಡುತ್ತಿದ್ದರು. ಹಿಂದಿನ ವರ್ಷ ಬಸ್ ನಿಲ್ದಾಣದಲ್ಲಿ ಬಾಂಬಿಟ್ಟವರಲ್ಲಿ ಇಬ್ಬರು ನಮ್ಮ ಓಣಿಯವರು. ಉಳಿದ ನಾನೂರು ಮನೆಗೂ ಅದೇ ಹಣೆಪಟ್ಟಿ.

ಬರುಬರುತ್ತಾ ಅವನು ಹಿಂದಿನ ಕೋಣೆ ಸೇರಿ ಚಿಲಕ ಹಾಕಿಕೊಳ್ಳತೊಡಗಿದ. ಒಳಗೆ ಗರಗಸದ ಸದ್ದು. ಕೇಳಿದರೆ, "ಏನಿಲ್ಲಕ್ಕ, ಸುಮ್ನೆ" ಎನ್ನುತ್ತಿದ್ದ. ಒಂದು ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಒಳಗೆ ನುಗ್ಗಿ ನೋಡಿದೆ. ಮಂಚದ ಕೆಳಗೆ ಗೇಣುದ್ದದ ಹನ್ನೊಂದು ಪೈಪು ತುಂಡುಗಳು, ಎರಡೂ ತುದಿಗೆ ತಿರುಪಿನ ಗೆರೆ. ಬಾಂಬಿನದೆಂದು ಟಿವಿಯಲ್ಲಿ ತೋರಿಸಿದ್ದು ಥೇಟ್ ಇಂಥದ್ದೇ.

ಅವನನ್ನೇ ಕೇಳಬಹುದಿತ್ತು. ಸುಳ್ಳು ಹೇಳಿದರೆ ನಂಬಿಬಿಡುತ್ತೇನೆಂಬ ಭಯ. ಬಾಂಬು ಸಿಡಿದು ಅವನು ಸಾಯುವುದಕ್ಕಿಂತ ಜೈಲಿನೊಳಗಿರುವುದೇ ವಾಸಿ ಎಂದುಕೊಂಡು ಠಾಣೆಗೆ ಹೋದೆ.

"ನಿಮ್ಮ ಹೆಸರು ಹೊರಗೆ ಬರಲ್ಲಮ್ಮ" ಎಂದ ಅಧಿಕಾರಿ. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗಿತ್ತು.

ತಮ್ಮನನ್ನು ಹಿಡಿದೊಯ್ದು ಇಪ್ಪತ್ತಾರು ದಿನ ಹೊಡೆದ ಮೇಲೆ ಪೊಲೀಸರು ಒಪ್ಪಿಕೊಂಡದ್ದು ಇಷ್ಟು: ನೀರು ಸರಬರಾಜಿನವರ ಫಿಟ್ಟರ್ ಪರೀಕ್ಷೆಯಲ್ಲಿ ಅಂಥ ತುಂಡು ಮಾಡಿ ತೋರಿಸಬೇಕಿತ್ತು. ಮೊದಲ ಸಲ ಕೈ ನಡುಗಿ ಫೇಲಾಗಿದ್ದ. ಮತ್ತೆ ಫೇಲಾದರೆ ನಗೆಪಾಟಲಾಗುತ್ತೇನೆಂದು ಕದ್ದು ಅಭ್ಯಾಸ ಮಾಡುತ್ತಿದ್ದ. ಪರೀಕ್ಷೆಯ ದಿನ ಅವನು ಲಾಕಪ್ಪಿನಲ್ಲಿದ್ದ.

ಅವನನ್ನು ಬಿಟ್ಟ ದಿನ ಠಾಣೆಯ ಗೇಟಿಗೆ ಹೋದೆ. ನನಗಿಂತ ಮೊದಲೇ ಇಬ್ಬರು ಅಪರಿಚಿತರು ನಿಂತಿದ್ದರು. ಒಬ್ಬನು ತಮ್ಮನಿಗೆ ವಕೀಲರನ್ನು ಗೊತ್ತುಮಾಡಿದವನಂತೆ. ಇನ್ನೊಬ್ಬನ ಕೈಯಲ್ಲಿ ಒಗೆದು ಇಸ್ತ್ರಿ ಮಾಡಿದ ಅಂಗಿ. ಲಾಂಡ್ರಿಯವಳಾದ ನನಗೆ ಅದು ಹೊಳೆದಿರಲಿಲ್ಲ. ತಮ್ಮ ಅಲ್ಲೇ ಅದನ್ನು ತೊಟ್ಟುಕೊಂಡು ಅವರ ಜೊತೆ ಹೊರಟ.

ಆಮೇಲೆ ಮನೆಗೆ ಬರುವುದೇ ಅಪರೂಪವಾಯಿತು. ಬಂದರೂ ಜಗಳವಿಲ್ಲ, ಮಾತಿಲ್ಲ, ಉಂಡ ತಟ್ಟೆ ತೊಳೆದಿಟ್ಟು ಎದ್ದುಹೋಗುವನು. ಬೈದಿದ್ದರೆ ನನಗೆ ಹಾಯೆನಿಸುತ್ತಿತ್ತು.

"ಅವರು ಎಂಥೋರು ಅಂತ ಗೊತ್ತೇನೋ ನಿಂಗೆ?" ಎಂದು ಒಮ್ಮೆ ತಡೆದು ಕೇಳಿದೆ.

"ಏನಾಯ್ತಪ್ಪಾ ಅಂತ ನನ್ನನ್ನ ಕೇಳಿದೋರು ಅವರಿಬ್ರೇ ಅಕ್ಕ."

ಇವತ್ತು ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೊರಟವನು ಹೊಸ್ತಿಲಲ್ಲಿ ನಿಂತ. ಎಷ್ಟೋ ದಿನದ ಮೇಲೆ ನನ್ನ ಮುಖ ನೋಡಿದ.

"ನಾಳೆ ಮಾರ್ಕೆಟ್ ಕಡೆ ಹೋಗ್ಬೇಡಕ್ಕ."

ಅಷ್ಟೇ ಹೇಳಿ ಇಳಿದು ಹೋದ. ಪೊಲೀಸರಿಗೆ ಹೇಳಿದರೆ ಇವನು ಉಳಿಯುವುದಿಲ್ಲ, ಸುಮ್ಮನಿದ್ದರೆ ಮಾರ್ಕೆಟ್ಟಿನಲ್ಲಿ ಯಾರ್ಯಾರ ತಮ್ಮಂದಿರು ಸಾಯುತ್ತಾರೋ. ಹೋದ ಸಲದ ಹಾಗೆ ಈ ಸಲವೂ ನನ್ನ ಅನುಮಾನ ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತಾ, ಅಳುತ್ತಲೇ ಚಪ್ಪಲಿ ಮೆಟ್ಟಿ ಠಾಣೆಯ ದಾರಿ ಹಿಡಿದೆ.