ಕಾಲು ವೋಲ್ಟ್ ಹೆಚ್ಚಿಗೆ

ರಿಪೇರಿ ಅಂಗಡಿ ಇಟ್ಟಿದ್ದ ತಂಗಿಗೆ ತನ್ನ ಕೈಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಇಪ್ಪತ್ತು ವರ್ಷ ಕಂಪ್ಯೂಟರುಗಳ ಹೊಟ್ಟೆ ಬಗೆದವಳು. ಭಾನುವಾರ ಬೆಳಿಗ್ಗೆಯೇ ಅಣ್ಣನ ಮನೆಗೆ ಬಂದು, ಊಟದ ಮೇಜಿನ ಮೇಲೆ ಅವನ ಹಳೆಯ ಯಂತ್ರವನ್ನು ಬಿಚ್ಚಿ ಹರಡಿಕೊಂಡಿದ್ದಳು.

ಅಣ್ಣ ಹರಾಜು ಕೂಗುತ್ತಿದ್ದವನು. ಅವನು ಬಾಯಿ ತೆರೆದರೆ ಮುರುಕು ಕುರ್ಚಿಗೂ ಮೂರು ಜನ ಕಿತ್ತಾಡುತ್ತಿದ್ದರು. ಗಂಟಲಿಗೆ ಕಾಯಿಲೆ ಬಂತು, ಆಪರೇಷನ್ ಆಯಿತು, ಅಲ್ಲಿಗೆ ದನಿ ಹೋಯಿತು. ಆಮೇಲೆ ಒಬ್ಬ ಎಂಜಿನಿಯರು ಹಳೆಯ ಹರಾಜುಗಳ ಟೇಪು ಕೇಳಿ, ಟೈಪ್ ಮಾಡಿದ್ದನ್ನು ಅಣ್ಣನದೇ ದನಿಯಲ್ಲಿ ಆಡುವ ಪ್ರೋಗ್ರಾಮ್ ಬರೆದುಕೊಟ್ಟ. ಪುಣ್ಯಾತ್ಮ ಅದಕ್ಕೊಂದು ಬೀಗವನ್ನೂ ಹಾಕಿದ್ದ: ಈ ಯಂತ್ರದ ಪ್ರೊಸೆಸರಿನೊಳಗಿನ ನಂಬರು ನೋಡಿದರಷ್ಟೇ ಅದು ಏಳುತ್ತಿತ್ತು. ಅವನ ಕಂಪನಿ ಮುಚ್ಚಿತು, ಬೀಗ ಉಳಿಯಿತು; ಹೊಸ ಯಂತ್ರ ಕೊಂಡರೆ ಅದರಲ್ಲಿ ದನಿ ಏಳುವಂತಿರಲಿಲ್ಲ.

ಗುಂಡಿ ಒತ್ತಿದ ಮೇಲೆ ಮಾತು ಹೊರಡಲು ಮೂರು ಸೆಕೆಂಡು. ಮೂರೇ ಅಲ್ಲವೇ ಅನ್ನುವವರು ಒಂದು ದಿನ ಹಾಗೆ ಸಂಸಾರ ಮಾಡಿ ನೋಡಬೇಕು. ಅಣ್ಣನ ಚಟಾಕಿ ಹಾರುವಷ್ಟರಲ್ಲಿ ಮಾತು ಬೇರೆಲ್ಲೋ ಹೋಗಿರುತ್ತಿತ್ತು, ಅತ್ತಿಗೆ ಅಡುಗೆಮನೆಗೆ ಹೋಗಿರುತ್ತಿದ್ದಳು. ಒಂದು ತಿಂಗಳಿಂದ ಅವನು ಕೀಬೋರ್ಡಿಗೆ ಬಟ್ಟೆ ಮುಚ್ಚಿ ಸುಮ್ಮನೆ ಕೂತಿದ್ದ. ಅದನ್ನು ಕಂಡೇ ತಂಗಿ ಚಿಮುಟ, ತಂತಿ ಹಿಡಿದು ಬಂದಿದ್ದಳು.

"ಸುಟ್ಟುಹೋದ್ರೆ ಏನೇ ಗತಿ? ನಿಧಾನವಾದ್ರೂ ಒಂದು ದನಿ ಅಂತ ಇದೆ" ಎಂದಳು ಅತ್ತಿಗೆ.

"ಸುಡಲ್ಲ ಅತ್ತಿಗೆ. ತನಗೆಷ್ಟು ವೋಲ್ಟ್ ಬೇಕು ಅಂತ ಈ ಪ್ರೊಸೆಸರೇ ಬೋರ್ಡಿಗೆ ಹೇಳತ್ತೆ, ಈ ಸೂಜಿಯಂಥ ಕಾಲುಗಳ ಮೂಲಕ. ಎರಡು ಕಾಲಿಗೆ ತಂತಿ ಸುತ್ತಿದ್ರೆ ಒಂದೂವರೆ ಕೇಳೋ ಬದಲು ಒಂದೂಮುಕ್ಕಾಲು ಕೇಳತ್ತೆ. ಅಷ್ಟು ಸಿಕ್ಕಿದ್ರೆ ವೇಗ ಜಾಸ್ತಿ ಮಾಡಿದ್ರೂ ತಡ್ಕೊಳತ್ತೆ. ಮೂರು ಸೆಕೆಂಡು ಎರಡಕ್ಕೆ ಇಳಿಯತ್ತೆ, ಬರ್ಕೊಡ್ಲಾ?"

ಕೂದಲಿಗಿಂತ ತೆಳುವಾದ ತಾಮ್ರದ ಎಳೆ. ಪ್ರೊಸೆಸರನ್ನು ಕಾಲು ಮೇಲಾಗಿ ಮಲಗಿಸಿ, ಪಕ್ಕದಲ್ಲಿ ಕಾಲುಗಳ ನಕ್ಷೆಯ ಹಾಳೆ ಇಟ್ಟುಕೊಂಡು, ಸಾಲು ಎಣಿಸಿ, ಚಿಮುಟದಿಂದ ಎಳೆ ಸುತ್ತಿದಳು. ಭೂತಗನ್ನಡಿಯಲ್ಲಿ ನೋಡಿ ತಾನೇ ತಲೆದೂಗಿದಳು. ಅದನ್ನು ಬೋರ್ಡಿನಲ್ಲಿ ಕೂರಿಸಲು ಎತ್ತಿದಾಗ ಅಣ್ಣ ಮೇಜು ಗುದ್ದಿದ.

"ಏನಣ್ಣ?"

ಅವನು ನಕ್ಷೆಯಲ್ಲಿ ಚೌಕದ ಕತ್ತರಿಸಿದ ಮೂಲೆಯ ಮೇಲೆ ಬೆರಳಿಟ್ಟ. ಆಮೇಲೆ ಅವಳ ಕೈಯಲ್ಲಿದ್ದುದನ್ನು ತಿರುವಿ, ಅದರ ಕತ್ತರಿಸಿದ ಮೂಲೆ ತೋರಿಸಿದ. ನಕ್ಷೆಯಲ್ಲಿ ಅದು ಎಡಕ್ಕಿತ್ತು. ಕಾಲು ಮೇಲಾಗಿ ಮಲಗಿಸಿದ್ದಾಗ ಬಲಕ್ಕಿತ್ತು.

ತಂಗಿ ನಕ್ಷೆಯನ್ನೂ ಪ್ರೊಸೆಸರನ್ನೂ ಅಕ್ಕಪಕ್ಕ ಹಿಡಿದು ನೋಡಿದಳು. ನಕ್ಷೆ ಮೇಲಿನಿಂದ ನೋಡಿ ಬರೆದದ್ದು. ಅವಳು ಎಣಿಸಿದ್ದು ಕೆಳಗಿನಿಂದ. ತಂತಿ ಎದುರು ಅಂಚಿನ ಕಾಲುಗಳನ್ನು ಕಟ್ಟಿಹಾಕಿತ್ತು, ಕರೆಂಟು ಕೊಟ್ಟಿದ್ದರೆ ಪ್ರೊಸೆಸರು ಸುಟ್ಟು, ಬೀಗ ತೆರೆಯುವ ನಂಬರೂ ಹೋಗಿ ದನಿಯೂ ಹೋಗುತ್ತಿತ್ತು. ಯಾವ ಸಾಮಾನನ್ನೂ ಬೋರಲು ಹಾಕಿ ನೋಡದೆ ಹರಾಜಿಗೆ ಇಡದ ಅಣ್ಣ, ಅವಳ ಮುಖ ನೋಡಿ ಶಬ್ದವಿಲ್ಲದೆ ನಗುತ್ತಿದ್ದ.

"ನಗು, ನಗು. ಇಪ್ಪತ್ತು ವರ್ಷದಲ್ಲಿ ಒಂದೇ ಸಲ" ಎಂದು ಎಳೆ ಬಿಚ್ಚಿ, ಈ ಸಲ ಹಾಳೆಯನ್ನು ಕಿಟಕಿ ಗಾಜಿಗೆ ಹಿಮ್ಮುಖವಾಗಿ ಅಂಟಿಸಿಕೊಂಡು ಸುತ್ತಿದಳು.

ಯಂತ್ರ ಎದ್ದಿತು. ಪರದೆಯ ಮೇಲೆ ಒಂದೂಮುಕ್ಕಾಲು ವೋಲ್ಟ್ ಎಂದು ತೋರಿಸಿತು. ವೇಗ ಏರಿಸಿ, ಅರ್ಧ ಗಂಟೆ ಓಡಿಸಿ, ಬಿಸಿ ನೋಡಿದಳು. ಏನೂ ತಕರಾರಿಲ್ಲ. ಕೀಬೋರ್ಡಿನ ಬಟ್ಟೆ ತೆಗೆದು ಅಣ್ಣನ ಮುಂದೆ ಸರಿಸಿದಳು.

ಅತ್ತಿಗೆ ನಾದಿನಿಗೆ ತನ್ನ ಅಳಲು ತೋಡಿಕೊಳ್ಳಲು ಶುರು ಮಾಡಿದಳು. "ನಿಮ್ಮಣ್ಣ ಈಚೆಗೆ ಏನು ಕೇಳಿದ್ರೂ ಗೋಡೆ ನೋಡ್ತಾರೆ ಕಣೇ. ಮೊನ್ನೆ ಕಿಟಕಿ ಪರದೆಗೆ ಬಟ್ಟೆ ತಂದೆ, ಬಣ್ಣ ಹೇಗಿದೆ ಅಂತ ಕೇಳಿದ್ರೆ ಒಂದು—"

"ಕೆಟ್ಟದಾಗಿದೆ" ಎಂದಿತು ಸ್ಪೀಕರು, ಹರಾಜಿನ ಗಟ್ಟಿ ದನಿಯಲ್ಲಿ.

"ನನ್ನ ಮಾತು ಮುಗಿಯೋ ತನಕ ನೀವು ಮಧ್ಯೆ ಬಾಯಿ ಹಾಕ್ಬೇಡಿ" ಎಂದು ಗಂಡನ ಕಡೆ ತಿರುಗಿ ಗದರಿದಳು ಅತ್ತಿಗೆ, ಮದುವೆಯಾದಾಗಿನಿಂದ ಗದರುತ್ತಿದ್ದಂತೆಯೇ. ಗದರಿದ ಮೇಲೆ ಅವಳ ಕೈ ಬಾಯಿಗೆ ಹೋಯಿತು. ಕುರ್ಚಿ ಎಳೆದು ಗಂಡನ ಎದುರಿಗೆ ಕೂತು ಕಣ್ಣೊರೆಸಿಕೊಂಡಳು.

"ಏನು ಕೆಟ್ಟದಾಗಿದೆ? ಹೇಳಿ" ಎಂದಳು. ಅವನು ಆಗಲೇ ಟೈಪ್ ಮಾಡುತ್ತಿದ್ದ.