ಏಳನೇ ಗೂಟ

"ನಿಮ್ಮಪ್ಪನ ಲೋಟ ಬೇಕಾ? ನಲವತ್ತಮೂರು ಮೈಲಿ ಆಚೆ ಹೋಗಿ ಕೇಳು, ಅಲ್ಲಿ ಕೊಡ್ತಾರೆ. ಓದಂತೂ ತಲೆಗೆ ಹತ್ತಲಿಲ್ಲ ನಿಂಗೆ, ದಾರೀಲಿರೋ ಮೈಲಿಗಲ್ಲಾದ್ರೂ ಎಣಿಸ್ಕೊಂಡು ಹೋಗು."

ಮರ್ಲ್ ಟ್ಯಾಡೆನ್ ಇದನ್ನು ಹೇಳಿದ್ದು ಲವಾನಳ ಹೋಟೆಲಿನಲ್ಲಿ, ಬೆಳಿಗ್ಗೆ ಏಳಕ್ಕೆ, ಉದ್ದ ಮೇಜಿನ ಸುತ್ತ ಕೂತ ಎಂಟು ಗಂಡಸರ ಎದುರಿಗೆ. ಅವತ್ತಿನ ಕಾಫಿ ಯಾರ ತಲೆಗೆ ಎಂದು ತೀರ್ಮಾನಿಸಲು ಚರ್ಮದ ಡಬ್ಬಿಯಲ್ಲಿ ದಾಳ ಕುಲುಕುತ್ತಿದ್ದ ಗೇಲ್‌ನ ಕೈ ನಿಂತಿತು. ಯಾರೋ ಮೂಗಿನಲ್ಲೇ ನಕ್ಕರು. ನಾನು ಅಪ್ಪನ ಹಳೆಯ ಕರಿ ಕೋಟು ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದೆ. ಹನ್ನೊಂದು ಗಂಟೆಗೆ ಅಪ್ಪನ ಮಣ್ಣು.

"ಸಾಕು ಮಾಡು ಮರ್ಲ್," ಅಂದಳು ಲವಾನ್, ಕೈಯಲ್ಲಿ ಕಾಫಿ ಹೂಜಿ ಹಿಡಿದುಕೊಂಡೇ. "ಹೆಣ ಇನ್ನೂ ಮಣ್ಣಿಗೆ ಹೋಗಿಲ್ಲ."

"ನನ್ನ ಹೆಂಡ್ತೀದು ಹೋಗಿದೆ," ಅಂದ ಮರ್ಲ್.

ಲವಾನ್ ಒಲೆಯ ಕಡೆ ತಿರುಗಿದಳು.

ಆ ಹೋಟೆಲಿನ ಗೋಡೆಗೆ ಹನ್ನೆರಡು ಮರದ ಗೂಟಗಳಿವೆ. ಒಂದೊಂದರಲ್ಲಿ ಒಬ್ಬೊಬ್ಬರ ಕಾಫಿ ಲೋಟ. ಉದ್ದ ಮೇಜಿನವರಿಗೆ ಮಾತ್ರ ಆ ಮರ್ಯಾದೆ. ಅವರಲ್ಲಿ ಒಬ್ಬ ಸತ್ತರೆ ಅವನ ಲೋಟ ಇಳಿಸಿ, ತೊಳೆದು, ಬಿಸಿ ಕಾಫಿ ತುಂಬಿ, ಚರ್ಚಿನ ನೆಲಮಾಳಿಗೆಯಲ್ಲಿ ಮಣ್ಣಾದ ಮೇಲಿನ ಊಟದ ಹೊತ್ತಿಗೆ ಒಂದು ಖಾಲಿ ಕುರ್ಚಿಯ ಮುಂದೆ ಇಡುತ್ತಾರೆ. ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುತ್ತಾ ಎಲ್ಲರೂ ಆ ಕುರ್ಚಿಯ ಹತ್ತಿರ ಬಂದು ಒಂದು ಮಾತಾಡಿ ಹೋಗುತ್ತಾರೆ. ಆಮೇಲೆ ಲೋಟ ಮನೆಯವರಿಗೆ. ಇಪ್ಪತ್ತು ವರ್ಷ ಕುಡಿದೇ ಸತ್ತ ಎಲ್ಮರ್‌ಗೂ ಆ ಕುರ್ಚಿ ಸಿಕ್ಕಿತ್ತು. ಹೆಂಡತಿಯ ಕೈ ಮುರಿದವನಿಗೂ ಸಿಕ್ಕಿತ್ತು. ಇಪ್ಪತ್ತೆರಡು ವರ್ಷ ಏಳನೇ ಗೂಟದಲ್ಲಿ ಲೋಟ ನೇತುಹಾಕಿದ್ದ ವೆಂಡೆಲ್ ಹಾರ್ಮ್ಸ್‌ಗೆ, ನನ್ನಪ್ಪನಿಗೆ, ಇಲ್ಲ.

ಅಮ್ಮ ಬೇರೇನೂ ಕೇಳಿರಲಿಲ್ಲ. "ಆ ಲೋಟ ಒಂದು ತಂದ್ಬಿಡು ಕರ್ಟ್," ಅಂದಿದ್ದಳು. "ಇಲ್ದಿದ್ರೆ ನಾನು ಆ ನೆಲಮಾಳಿಗೆಗೆ ಇಳಿಯಲ್ಲ. ಜನ ಬಂದು ಖಾಲಿ ಮೇಜು ನೋಡೋದು ಬೇಡ."

ಅಪ್ಪ ಕೌಂಟಿಯ ಆಡಳಿತ ನಡೆಸಲು ಜನ ಆರಿಸಿದ ಮೂವರು ಮೇಲ್ವಿಚಾರಕರಲ್ಲಿ ಒಬ್ಬ. ಕೋರ್ಟಿನ ಹಿಂದಿನ ದಿಣ್ಣೆಯ ಮೇಲೆ ನಮ್ಮ ಆಸ್ಪತ್ರೆ ಇತ್ತು. ನಾನು ಹುಟ್ಟಿದ್ದು ಅಲ್ಲೇ, ಮರ್ಲ್ ಹುಟ್ಟಿದ್ದೂ ಅಲ್ಲೇ. ಮಾಡು ಸೋರುತ್ತಿತ್ತು, ಕೊನೆಯ ಡಾಕ್ಟರೂ ಹೊರಡುವ ಮಾತಾಡುತ್ತಿದ್ದ. ನೆಲದ ಮೇಲಿನ ತೆರಿಗೆ ಏರಿಸಬೇಕು, ಇಲ್ಲವೇ ಬಾಗಿಲು ಹಾಕಬೇಕು. ಎರಡೇ ದಾರಿ. ಕೌಂಟಿ ಕಚೇರಿಯೂ ಇದ್ದ ಕೋರ್ಟಿನ ಮೇಲಂತಸ್ತಿನಲ್ಲಿ ಸಭೆ ಸೇರಿತು. ಒಬ್ಬ ಏರಿಸೋಣ ಅಂದ, ಇನ್ನೊಬ್ಬ ಬೇಡ ಅಂದ. ಅಪ್ಪ ಸುಮಾರು ಹೊತ್ತು ಕೈಯಲ್ಲಿದ್ದ ಕಾಗದ ನೋಡುತ್ತಾ ಕೂತಿದ್ದ. ಆಮೇಲೆ "ಬೇಡ" ಅಂದು ಟೋಪಿ ಹಾಕಿಕೊಂಡು ಮೆಟ್ಟಿಲಿಳಿದ.

ಅಕ್ಟೋಬರಿನಲ್ಲಿ ಆಸ್ಪತ್ರೆ ಮುಚ್ಚಿತು. ಜನವರಿಯಲ್ಲಿ ಮರ್ಲ್‌ನ ಹೆಂಡತಿ ಆರ್ಲೀನ್ ಟ್ಯಾಡೆನ್ ಸತ್ತಳು. ಪಕ್ಕದ ಕೌಂಟಿಯ ಆಸ್ಪತ್ರೆಗೆ ನಲವತ್ತಮೂರು ಮೈಲಿ. ಹಿಮದಲ್ಲಿ ಆಂಬುಲೆನ್ಸು ಇಪ್ಪತ್ತೊಂಬತ್ತು ಮೈಲಿ ಹೋಗುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಮರ್ಲ್ ಅವಳ ಕೈ ಹಿಡಿದುಕೊಂಡು ಒಳಗೇ ಕೂತಿದ್ದ. ಆರ್ಲೀನ್ ಶಾಲೆಯ ಅಡುಗೆಯವಳು. ನಾನು ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟಾಗ ಆ ಕಟ್ಟಡದಲ್ಲಿ ನನ್ನನ್ನು ಬೈಯದೆ ಇದ್ದವಳು ಅವಳೊಬ್ಬಳೇ. "ಹಸಿವಾದ್ರೆ ಹಿಂದಿನ ಬಾಗಿಲಿಗೆ ಬಾರೋ" ಅಂದಿದ್ದಳು.

ಅವಳ ಮಣ್ಣಾದ ಮರುದಿನ ಏಳನೇ ಗೂಟ ಖಾಲಿಯಾಗಿತ್ತು. ಅಪ್ಪನಿಗೆ ಕಾಫಿ ಕೊಟ್ಟದ್ದು ಕಾಗದದ ಲೋಟದಲ್ಲಿ, ಹೆದ್ದಾರಿಯಿಂದ ಇಳಿದು ಬರುವ ಲಾರಿಯವರಿಗೆ ಕೊಡುವಂಥದ್ದರಲ್ಲಿ. ಅವನು ಅದನ್ನೇ ತೆಗೆದುಕೊಂಡ. ಮೇಜಿನವರು ಜಾಗ ಬಿಡಲಿಲ್ಲ, ಕಾಫಿ ಕೊಡುವ ಕಟ್ಟೆಯ ಹತ್ತಿರ ನಿಂತು ಕುಡಿದ. ಮರುದಿನವೂ ಹೋದ. ಹದಿನಾಲ್ಕು ತಿಂಗಳು, ಭಾನುವಾರ ಬಿಟ್ಟು ದಿನಾ ಹೋದ. ಬೆನ್ನ ಹಿಂದೆ ಮಾತು ನಿಲ್ಲುತ್ತಿತ್ತು, ಅವನು ಹೊರಟ ಮೇಲೆ ನಗು ಶುರುವಾಗುತ್ತಿತ್ತು. "ಯಾಕೆ ಹೋಗ್ತೀಯಪ್ಪಾ ಆ ನಾಯಿಗಳ ಹತ್ರ?" ಎಂದು ನಾನು ಕೂಗಾಡಿದರೆ, "ಕಾಫಿ ಚೆನ್ನಾಗಿರುತ್ತೆ" ಅನ್ನುತ್ತಿದ್ದ. ಲವಾನಳ ಕಾಫಿ ಪಾತ್ರೆ ತೊಳೆದ ನೀರು. ಅದು ಇಡೀ ಊರಿಗೇ ಗೊತ್ತು.

ನನ್ನ ಕೈಲಾದದ್ದು ನಾನು ಮಾಡಿದೆ. ಮರ್ಲ್‌ನ ಮನೆಯ ಮುಂದಿನ ಅಂಚೆ ಡಬ್ಬಿಯನ್ನು ಬೇಸ್‌ಬಾಲ್ ದಾಂಡಿನಿಂದ ಎರಡು ಸಲ ಚಚ್ಚಿ ಹಾಕಿದೆ. ಎರಡು ಸಲವೂ ಅಪ್ಪನೇ ಹೋಗಿ ಹೊಸದು ನೆಟ್ಟು ಬಂದ. ಮರ್ಲ್ ಕಿಟಕಿಯಲ್ಲಿ ನಿಂತು ನೋಡುತ್ತಿದ್ದನಂತೆ, ಹೊರಗೆ ಬರಲಿಲ್ಲವಂತೆ.

ಮೊನ್ನೆ ಬೆಳಗ್ಗೆ ಅಪ್ಪನಿಗೆ ಎದೆ ಹಿಡಿದುಕೊಂಡಿತು. ನಾನು ಕೆಲಸದಲ್ಲಿದ್ದೆ. ಅಮ್ಮ ಫೋನ್ ಎತ್ತಿದರೆ ಅಪ್ಪ ಅದರ ವಯರು ಹಿಡಿದುಕೊಂಡನಂತೆ. "ಬೇಡ ಡೋರಿಸ್. ಇರೋದೊಂದು ಆಂಬುಲೆನ್ಸು. ಅದು ಹೋಗಿ ಬರೋಷ್ಟರಲ್ಲಿ ಇಲ್ಲಿ ಇನ್ಯಾರಿಗಾದ್ರೂ ಬೇಕಾಗುತ್ತೆ." ನಾಲ್ಕು ಗಂಟೆ ಕಾಲ ಹಾಗೇ ಕೂತಿದ್ದ, ಅಡುಗೆಮನೆಯ ಕುರ್ಚಿಯಲ್ಲಿ. ಅಮ್ಮ ಅವನು ಹೇಳಿದ ಮಾತು ಕೇಳಿದಳು. ಮೂವತ್ತು ವರ್ಷದ ಅಭ್ಯಾಸ.

ನಿನ್ನೆ ಮಧ್ಯಾಹ್ನ ಸ್ಮಶಾನದ ಜಾಗದ ಪತ್ರ ಹುಡುಕುತ್ತಾ ಅವನ ಮೇಜಿನ ಖಾನೆ ತೆಗೆದೆ. ಪತ್ರದ ಕೆಳಗೆ ಹನ್ನೊಂದು ಹಾಳೆಗಳ ಒಂದು ಮನವಿ ಇತ್ತು. "ಕೌಂಟಿ ಆಸ್ಪತ್ರೆಯ ಹೆಸರಿನಲ್ಲಿ ನಮ್ಮ ಹೊಲ ಮನೆಗಳ ಮೇಲೆ ತೆರಿಗೆ ಏರಿಸಕೂಡದು; ಆಸ್ಪತ್ರೆ ಮುಚ್ಚಬೇಕಾಗಿ ಬಂದರೂ ನಮ್ಮ ಒಪ್ಪಿಗೆ ಇದೆ." ಪ್ರತಿ ಹಾಳೆಯ ನೆತ್ತಿಯಲ್ಲೂ ಅದೇ ಸಾಲು, ಸಣ್ಣ ಅಕ್ಷರದಲ್ಲಿ. ಕೆಳಗೆ ಸಹಿಗಳು, ಊರಿಗೆ ಊರೇ. ಒಂಬತ್ತನೇ ಹಾಳೆ ಗೇಲ್ ನೋಡಿಕೊಳ್ಳುವ ಧಾನ್ಯದ ಗೋದಾಮಿನದು, ನಾನು ಕಸ ಗುಡಿಸುವ ಜಾಗದ್ದು. ಸಭೆಗೆ ಮೊದಲಿನ ಒಂದು ಶನಿವಾರ ಅಲ್ಲಿನ ಕಟ್ಟೆಯ ಮೇಲೆ ಹಲಗೆಗೆ ಸಿಕ್ಕಿಸಿಟ್ಟಿದ್ದರು, ದಾರಕ್ಕೆ ಕಟ್ಟಿದ ಪೆನ್ನಿನ ಜೊತೆ. ಪಕ್ಕದಲ್ಲಿ ಡೋನಟ್ ಡಬ್ಬಿ. ಸಹಿ ಹಾಕಿದವರಿಗೆ ಒಂದು ಡೋನಟ್. ಗೇಲ್‌ನ ಸಹಿ ಮೊದಲನೆಯದು. ಆಮೇಲೆ ಉದ್ದ ಮೇಜಿನವರು ಸಾಲಾಗಿ, ಒಬ್ಬರೂ ಬಿಡದೆ. ಮರ್ಲ್ ಟ್ಯಾಡೆನ್. ಅವನ ಕೆಳಗೆ, ದುಂಡಗೆ, ಆರ್ಲೀನ್ ಟ್ಯಾಡೆನ್.

ಅಪ್ಪನಿಗೆ ಇವರೇ ಹೇಳಿದ್ದರು, ಬರೆದು ಕೊಟ್ಟಿದ್ದರು. ಅವನು ಅವರು ಹೇಳಿದ್ದನ್ನೇ ಮಾಡಿದ. ಮಾಡಿ, ಹದಿನಾಲ್ಕು ತಿಂಗಳು ಕಾಗದದ ಲೋಟದಲ್ಲಿ ಕುಡಿದ. ಆ ಹಾಳೆಯನ್ನು ಒಂದೇ ಒಂದು ಸಲ ಆ ಮೇಜಿನ ಮೇಲೆ ಎಸೆದಿದ್ದರೆ ಸಾಕಿತ್ತು.

ಅವನು ಎಸೆಯಲಿಲ್ಲ, ನಾನು ಎಸೆಯುತ್ತೇನೆ ಎಂದುಕೊಂಡು ಬಂದಿದ್ದೆ. ಒಂಬತ್ತನೇ ಹಾಳೆ ಮಡಿಸಿ ಕೋಟಿನ ಜೇಬಿನಲ್ಲಿಟ್ಟಿದ್ದೆ.

"ನಾನು ಲೋಟ ಕೇಳ್ತಿದೀನಿ, ಭಿಕ್ಷೆ ಅಲ್ಲ," ಅಂದೆ. "ಅದು ಅಪ್ಪಂದು."

"ಅದು ಒಡೆದುಹೋಯ್ತಲ್ವಾ?" ಅಂದ ಗೇಲ್, ದಾಳದ ಡಬ್ಬಿ ನೋಡುತ್ತಾ. "ನಾನು ಹಾಗಂತ ಕೇಳಿದ್ದೆ."

"ಎಲ್ಲಿ ಕೇಳಿದ್ರಿ, ನಿಮ್ಮ ಬಾಯಿಂದಲೇ?"

"ಲೋ, ನಾಳೆ ಕೆಲಸಕ್ಕೆ ಬರ್ಬೇಕು ನೀನು. ನೆನಪಿರ್ಲಿ."

"ಒಡೆದಿಲ್ಲ," ಅಂದಳು ಲವಾನ್. ಕಟ್ಟೆಯ ಕೆಳಗೆ ಬಗ್ಗಿ ಅಪ್ಪನ ಲೋಟ ತೆಗೆದು ಮೇಲಿಟ್ಟಳು. ಹಸಿರು ಬಣ್ಣ, ಬಾಯಿಯ ಹತ್ತಿರ ಚಕ್ಕೆ ಎದ್ದಿತ್ತು. ಒಂದು ಟ್ರ್ಯಾಕ್ಟರಿನ ಚಿತ್ರ ಅರ್ಧ ಅಳಿಸಿತ್ತು. "ಎಸೀ ಅಂದ್ರು. ನನಗೆ ಮನಸ್ಸಾಗ್ಲಿಲ್ಲ. ಯಾರೂ ಇಲ್ದಾಗ ಇದರಲ್ಲಿ ಕೊಡ್ಲಾ ಅಂತ ಒಂದ್ಸಲ ಕೇಳಿದ್ದೆ ವೆಂಡೆಲ್‌ನ. ಬೇಡ ಅಂದ."

ನಾನು ಕೈ ಚಾಚುವ ಮೊದಲೇ ಮರ್ಲ್ ಎದ್ದು ಬಂದು ಲೋಟ ತೆಗೆದುಕೊಂಡ. ಅಷ್ಟು ಹತ್ತಿರದಿಂದ ಅವನನ್ನು ಆ ಚಳಿಗಾಲದ ನಂತರ ನಾನು ನೋಡಿರಲಿಲ್ಲ. ಗಡ್ಡ ಬೋಳಿಸಿಕೊಂಡಿದ್ದ, ಕಿವಿಯ ಕೆಳಗೆ ಒಂದು ಪಟ್ಟಿ ಬಿಟ್ಟುಹೋಗಿತ್ತು. ಹೇಳುವವರು ಮನೆಯಲ್ಲಿಲ್ಲ.

"ಕೊಡ್ತೀನಿ," ಅಂದ. ಅವನ ದನಿ ಬೇರೆಯಾಗಿತ್ತು. "ನಾನೇ ತೊಳೀತೀನಿ. ನಾನೇ ತುಂಬಿಸಿ ತಂದು ಆ ಕುರ್ಚಿ ಮುಂದೆ ಇಡ್ತೀನಿ, ಎಲ್ಲರ ಎದುರಿಗೆ. ಒಂದೇ ಒಂದು ಮಾತು ಹೇಳು ನಂಗೆ. ಯಾಕೆ? ನಲವತ್ತು ವರ್ಷದ ಸ್ನೇಹ ನಮ್ದು. ಅವಳ ಕೈಯಲ್ಲಿ ಎಷ್ಟು ಸಲ ಉಂಡಿದ್ದ ಅವ್ನು. ಯಾಕೆ ಹಾಗೆ ಮಾಡ್ದ ಅಂತ ಹದಿನಾಲ್ಕು ತಿಂಗಳಿಂದ ಕೇಳ್ತಿದೀನಿ. ಒಂದ್ಸಲಾನೂ ಬಾಯಿ ಬಿಡ್ಲಿಲ್ಲ. ನಿಂಗೆ ಗೊತ್ತಿರ್ಬೇಕು. ಯಾಕೋ?"

ಗೇಲ್ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ನನ್ನ ಕಡೆ ನೋಡಿದರು. ಸಹಿ ಹಾಕಿದ್ದು ಅವರಲ್ಲಿ ಯಾರಿಗಾದರೂ ನೆನಪಿತ್ತೋ ಇಲ್ಲವೋ. ಗೇಲ್‌ಗೆ ಇತ್ತು. ಅವನು ಮೇಜಿನ ಮೇಲಿನ ಸಕ್ಕರೆಯ ಕಾಳುಗಳನ್ನು ಬೆರಳಿನಿಂದ ಒತ್ತಿ ಒತ್ತಿ ಎತ್ತುತ್ತಿದ್ದ. ಮರ್ಲ್‌ಗೆ ಮಾತ್ರ ಇರಲಿಲ್ಲ. ಅವನ ಮುಖದಲ್ಲಿ ನಾಟಕ ಇರಲಿಲ್ಲ.

ಜೇಬಿಗೆ ಕೈ ಹಾಕಿದೆ. ಹಾಳೆ ಸಿಕ್ಕಿತು. ಹೆಬ್ಬೆರಳು ಅದರ ಕೆಳಗಿನ ಅಂಚಿಗೆ ತಗುಲಿತು. ಆ ಅಂಚು ಸೊಟ್ಟಗಿತ್ತು.

ಬೆಳಿಗ್ಗೆ ಅಮ್ಮನ ಕತ್ತರಿಯಿಂದ ನಾನೇ ಕತ್ತರಿಸಿದ್ದು. ಆರ್ಲೀನಳ ಕೆಳಗೆ ಇನ್ನೂ ಒಂದು ಸಹಿ ಇತ್ತು, ಆ ಹಾಳೆಯ ಕೊನೆಯದು. ಕರ್ಟಿಸ್ ಹಾರ್ಮ್ಸ್, ನನ್ನದೇ. ಆ ಶನಿವಾರ ಆರ್ಲೀನ್ ತಾನು ಸಹಿ ಹಾಕಿ ಪೆನ್ನನ್ನು ನನ್ನ ಕಡೆ ತಿರುಗಿಸಿದ್ದಳು. "ನಿಂಗೂ ಹದಿನೆಂಟಾಯ್ತಲ್ವಾ, ಹಾಕೋ ದೊಡ್ಡ ಮನುಷ್ಯ." ನೆತ್ತಿಯ ಸಾಲನ್ನು ನಾನು ಓದಲಿಲ್ಲ. ಯಾರೂ ಓದಲಿಲ್ಲ ಅನ್ನಿಸುತ್ತದೆ, ತೆರಿಗೆ ಏರಬಾರದು ಅಂತ ಗೇಲ್ ಹೇಳಿದ್ದ, ಅಷ್ಟೇ. ದೊಡ್ಡವರ ಜೊತೆ ಹೆಸರು ಬರೆದೆನೆಂದು ಎದೆಯುಬ್ಬಿಸಿಕೊಂಡು ಎರಡು ಡೋನಟ್ ತಿಂದೆ. ಆ ಹನ್ನೊಂದು ಹಾಳೆಗಳಲ್ಲಿ ಅಪ್ಪನ ಪೆನ್ಸಿಲಿನ ಗುರುತು ಇದ್ದದ್ದು ಒಂದೇ ಕಡೆ. ನನ್ನ ಹೆಸರಿನ ಪಕ್ಕ, ಒಂದು ಸಣ್ಣ ಗೆರೆ. ಸಭೆಯಲ್ಲಿ ಅವನು ಅಷ್ಟು ಹೊತ್ತು ನೋಡುತ್ತಾ ಕೂತಿದ್ದು ಯಾವ ಹಾಳೆಯನ್ನು ಎಂದು ನಿನ್ನೆ ಗೊತ್ತಾಯಿತು. ಆಮೇಲೆ ಅದನ್ನು ಯಾಕೆ ಯಾರಿಗೂ ತೋರಿಸಲಿಲ್ಲ ಎನ್ನುವುದೂ.

ಈ ಹಾಳೆ ಹೊರತೆಗೆದರೆ ಅಪ್ಪ ಗೆಲ್ಲುತ್ತಾನೆ. ಲೋಟ ಸಿಗುತ್ತದೆ, ಅಮ್ಮ ನೆಲಮಾಳಿಗೆಗೆ ಇಳಿಯುತ್ತಾಳೆ. ಮರ್ಲ್ ಆ ದುಂಡಗಿನ ಅಕ್ಷರ ನೋಡುತ್ತಾನೆ. ಅವಳೇ ಒಪ್ಪಿದ್ದಳು ಎಂದು ತಿಳಿದುಕೊಂಡು ಆ ಮನೆಗೆ ಒಬ್ಬನೇ ವಾಪಸು ಹೋಗುತ್ತಾನೆ. ಮತ್ತೆ ನಾನು, ಕತ್ತರಿಸಿದ ಹಾಳೆ ಹಿಡಿದುಕೊಂಡು, ಇವರಲ್ಲೆಲ್ಲ ಒಬ್ಬನೇ ಶುದ್ಧ.

"ಹೇಳೋ," ಅಂದ ಮರ್ಲ್. ಲೋಟವನ್ನು ನನ್ನ ಕಡೆ ಚಾಚಿದ್ದ. ಕಣ್ಣಲ್ಲಿ ನೀರಿತ್ತು. "ಏನಾದ್ರೂ ಹೇಳು. ಸುಳ್ಳಾದ್ರೂ ಸರಿ."

ಹಾಳೆಯನ್ನು ಜೇಬಿನೊಳಗೇ ಮುದುರಿದೆ. ಲೋಟದ ಹಿಡಿ ನನ್ನ ಕೈಗೆ ಒಂದು ಗೇಣು ದೂರದಲ್ಲಿತ್ತು. ತಿರುಗಿದೆ. ಬಾಗಿಲ ಗಂಟೆ ಅಲ್ಲಾಡಿತು. ಹಿಂದಿನಿಂದ ಯಾರೋ, "ನೋಡಿದ್ರಾ, ಅಪ್ಪನ ಥರಾನೇ," ಅಂದರು. ಕೋರ್ಟಿನ ಸುತ್ತಿನ ರಸ್ತೆ ದಾಟಿ, ಬರಿಗೈಯಲ್ಲಿ, ಚರ್ಚಿನ ಕಡೆ ನಡೆದೆ.